ಮಗನಿಗಾಗಿ ಬರೆದ ಹೊತ್ತಿಗೆ

ನಮ್ಮ ವಿದ್ವಾಂಸರು ರಾಗವನ್ನು ಆಲಾಪಿಸುವಾಗ ಎದುರಿಗೆ ಪುಸ್ತಕವಿರುವುದಿಲ್ಲ. ಕಲ್ಪನಾಸ್ವರಗಳು ಆ ಕ್ಷಣದಲ್ಲಿ ಹುಟ್ಟಿ ಆ ಕ್ಷಣದಲ್ಲಿಯೇ ಮುಗಿದುಹೋಗುತ್ತವೆ. ಇದನ್ನು ಮನೋಧರ್ಮ ಸಂಗೀತವೆಂದು ಕರೆಯುತ್ತೇವೆ. ಯೂರೋಪಿನ ಸಂಗೀತಗಾರರಾದರೋ ಬರೆದಿಟ್ಟುದನ್ನು ನೋಡಿಕೊಂಡು ನುಡಿಸುವವರು ಮಾತ್ರವೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಮುನ್ನೂರು ವರ್ಷಗಳ ಹಿಂದಿನ ಜರ್ಮನಿಗೆ ಈ ಮಾತು ಒಪ್ಪುವುದಿಲ್ಲ. ಅಲ್ಲಿ ಆರ್ಗನ್, ಹಾರ್ಪ್ಸಿಕಾರ್ಡ್ ಮೊದಲಾದ ಕೀಲಿಮಣೆಯ ವಾದ್ಯಗಳನ್ನು ನುಡಿಸುವವನು ಬರೆಯದೆ ಇದ್ದುದನ್ನೂ ನುಡಿಸಬಲ್ಲವನಾಗಿರಬೇಕಿತ್ತು. ಆ ವಿದ್ಯೆಯಲ್ಲಿ ಅಸಮಾನನೆನಿಸಿದವನು ಯೋಹಾನ್ ಸೆಬಾಸ್ಟಿಯನ್ ಬಾಖ್. ಆಗತಾನೆ ಬೆರಳು ಊರುತ್ತಿದ್ದ ಮಕ್ಕಳಿಗೂ ಅವನು ಅದನ್ನು ಕಲಿಸಿದನು.

ಬಾಖ್ ಹುಟ್ಟಿದ್ದು 1685ರ ಮಾರ್ಚ್ 21ರಂದು, ಐಸೆನಾಖ್ ಎಂಬ ಊರಿನಲ್ಲಿ. ಅವನದು ತಲೆಮಾರುಗಳಿಂದ ಸಂಗೀತವನ್ನೇ ವೃತ್ತಿಯಾಗಿಸಿಕೊಂಡಿದ್ದ ಮನೆತನ. ಹತ್ತು ವರ್ಷ ತುಂಬುವ ಮೊದಲೇ ತಾಯಿಯೂ ತಂದೆಯೂ ತೀರಿಕೊಂಡರು. ಹುಡುಗನು ಓರ್ಡ್ರುಫ್ ಎಂಬಲ್ಲಿ ಆರ್ಗನ್ ವಾದಕನಾಗಿದ್ದ ಅಣ್ಣನ ಆಶ್ರಯಕ್ಕೆ ಬಂದನು. ಅಣ್ಣನ ಬಳಿ ಹೆಸರಾಂತ ವಾದಕರ ಕೃತಿಗಳನ್ನು ಬರೆದಿಟ್ಟ ಒಂದು ಪುಸ್ತಕವಿತ್ತು. ಎಷ್ಟು ಬೇಡಿದರೂ ಅದನ್ನು ತಮ್ಮನಿಗೆ ಕೊಡಲಿಲ್ಲ. ಜಾಲರಿ ಬಾಗಿಲಿನ ಕಪಾಟಿನಲ್ಲಿಟ್ಟನು. ಜಾಲರಿಯ ಕಂಡಿಯೊಳಗೆ ಬಾಲಕನ ಪುಟ್ಟ ಕೈ ತೂರುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪುಸ್ತಕವನ್ನು ಸುರುಳಿ ಸುತ್ತಿ ಹೊರಗೆಳೆದು, ದೀಪವಿಲ್ಲದೆ ಬೆಳದಿಂಗಳಿನಲ್ಲಿ ಪ್ರತಿ ಮಾಡಿಕೊಂಡನಂತೆ. ಅದಕ್ಕೆ ಆರು ತಿಂಗಳು ಹಿಡಿಯಿತು. ವಿಷಯ ತಿಳಿದ ಅಣ್ಣನು ಆ ಪ್ರತಿಯನ್ನೂ ಕಿತ್ತುಕೊಂಡನು. ಬಾಖ್ ತೀರಿಕೊಂಡ ಮೇಲೆ ಅವನ ಮಗನೂ ಶಿಷ್ಯನೂ ಸೇರಿ ಬರೆದ ಜೀವನವೃತ್ತಾಂತದಲ್ಲಿ ಈ ಪ್ರಸಂಗ ದಾಖಲಾಗಿದೆ.

1703ರಲ್ಲಿ, ಹದಿನೆಂಟರ ಹರೆಯದಲ್ಲಿ, ಬಾಖ್ ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಆರ್ಗನ್ ವಾದಕನಾದನು. ಉತ್ತರದ ಲ್ಯೂಬೆಕ್ ನಗರದಲ್ಲಿದ್ದ ಬುಕ್ಸ್‌ಟೆಹುಡೆ ಎಂಬ ಹಿರಿಯ ವಾದಕನನ್ನು ಕೇಳಬೇಕೆಂಬ ಹಂಬಲ ಅವನಿಗೆ. 1705ರಲ್ಲಿ ನಾಲ್ಕು ವಾರಗಳ ರಜೆ ಪಡೆದು, ಸುಮಾರು 400 ಕಿಲೋಮೀಟರು ದೂರವನ್ನು ನಡೆದೇ ಹೋದನು. ಹಿಂದಿರುಗುವ ವೇಳೆಗೆ ನಾಲ್ಕು ತಿಂಗಳು ಕಳೆದಿತ್ತು. ಚರ್ಚಿನ ಅಧಿಕಾರಿಗಳು ವಿಚಾರಣೆಗೆ ಕರೆದರು. ರಜೆ ಮೀರಿದ್ದು ಒಂದು ಅಪರಾಧ. ಜನರು ಹಾಡುವ ಸ್ತುತಿಗೀತೆಗಳಿಗೆ ವಿಚಿತ್ರವಾದ ಸ್ವರಗಳನ್ನು ಸೇರಿಸಿ ಅವರ ದಿಕ್ಕು ತಪ್ಪಿಸಿದ್ದು ಇನ್ನೊಂದು. ಇಪ್ಪತ್ತೊಂದು ತುಂಬದ ತರುಣನು ದೂರದಲ್ಲಿ ಕೇಳಿ ಬಂದುದನ್ನು ತನ್ನೊಳಗೆ ಬಚ್ಚಿಟ್ಟುಕೊಳ್ಳಲಾರದೆ ಹೋದನೆಂದು ತೋರುತ್ತದೆ.

ಮುಂದೆ ಅವನು ವೈಮರ್ ಆಸ್ಥಾನದಲ್ಲಿದ್ದನು. ಬಿಡುಗಡೆ ಬೇಕೆಂದು ಹಟ ಹಿಡಿದುದಕ್ಕಾಗಿ ಅಲ್ಲಿಯ ಪ್ರಭುವು ಅವನನ್ನು 1717ರಲ್ಲಿ ಸುಮಾರು ಒಂದು ತಿಂಗಳು ಸೆರೆಯಲ್ಲಿಟ್ಟದ್ದೂ ಉಂಟು. ಅಲ್ಲಿಂದ ಕ್ಯೋಟೆನ್ ಎಂಬ ಚಿಕ್ಕ ಸಂಸ್ಥಾನಕ್ಕೆ ಬಂದನು.

1720ರ ಜನವರಿ 22ರಂದು ಬಾಖ್ ತನ್ನ ಹಿರಿಯ ಮಗ ವಿಲ್‌ಹೆಲ್ಮ್ ಫ್ರೀಡೆಮಾನ್‌ನಿಗಾಗಿ ಒಂದು ಹೊತ್ತಿಗೆಯನ್ನು ಬರೆಯತೊಡಗಿದನು. ಬಾಲಕನಿಗೆ ಆಗ ಒಂಬತ್ತು ವರ್ಷ. ಮೊದಲು ಸ್ವರಗಳ ಹೆಸರು. ಬಳಿಕ ಗಮಕಗಳಂತಹ ಅಲಂಕಾರಗಳ ಪಟ್ಟಿ. ಆಮೇಲೆ ಯಾವ ಸ್ವರಕ್ಕೆ ಯಾವ ಬೆರಳೆಂದು ಅಂಕಿ ಹಾಕಿ ತೋರಿಸಿದ ಒಂದು ಪುಟ್ಟ ಪಾಠ. ಅದೇ ವರ್ಷ ಜುಲೈ ತಿಂಗಳಲ್ಲಿ ಬಾಖ್ ತನ್ನ ಪ್ರಭುವಿನೊಡನೆ ಪರಸ್ಥಳಕ್ಕೆ ಹೋಗಿದ್ದಾಗ ಪತ್ನಿ ಮರಿಯಾ ಬಾರ್ಬರಾ ಮರಣ ಹೊಂದಿದಳು. ಅವನು ಮನೆಗೆ ಬರುವಷ್ಟರಲ್ಲಿ ಅಂತ್ಯಕ್ರಿಯೆಯೂ ಮುಗಿದಿತ್ತು. ತಂದೆಗೆ ಒದಗಿದ್ದ ತಬ್ಬಲಿತನದ ಒಂದು ಪಾಲು ಮಗನಿಗೂ ಬಂದಿತು. ಆದರೂ ಹೊತ್ತಿಗೆಯ ಪುಟಗಳು ತುಂಬುತ್ತಲೇ ಹೋದವು. ಅದರಲ್ಲಿ ತಂದೆಯ ಅಕ್ಷರದೊಡನೆ ಮಗನ ಅಕ್ಷರವೂ ಕಾಣಸಿಗುತ್ತದೆ.

ಈ ಪಾಠಗಳು ಬೆರಳುಗಳ ವ್ಯಾಯಾಮಕ್ಕಾಗಿ ಮಾತ್ರ ಹುಟ್ಟಿದವಲ್ಲ. ಅದರಲ್ಲಿದ್ದ ಕೆಲವು ರಚನೆಗಳನ್ನು ಬಾಖ್ ತಿದ್ದಿ, 1723ರಲ್ಲಿ 'ಇನ್ವೆನ್ಷನ್' ಎಂಬ ಹೆಸರಿನಿಂದ ಬೇರೆಯಾಗಿ ಬರೆದಿಟ್ಟನು. ಮೊದಲನೆಯ ಇನ್ವೆನ್ಷನ್ನಿನ ಮೂಲಬೀಜ ಎಂಟೇ ಸ್ವರಗಳದು. ಬಲಗೈ ಅದನ್ನು ನುಡಿಯುತ್ತದೆ, ಎಡಗೈ ಮರುನುಡಿಯುತ್ತದೆ. ಅದು ಮೇಲೇರುತ್ತದೆ, ತಲೆಕೆಳಗಾಗುತ್ತದೆ, ತುಂಡಾಗಿ ಮತ್ತೆ ಕೂಡಿಕೊಳ್ಳುತ್ತದೆ. ಒಂದು ಚಿಕ್ಕ ಯೋಚನೆಯನ್ನು ಹಿಡಿದು ಎಷ್ಟು ದೂರ ನಡೆಯಬಹುದೆಂಬುದನ್ನು ಮಗು ತನಗರಿವಿಲ್ಲದೆಯೇ ಕಲಿಯುತ್ತದೆ. ಶುದ್ಧವಾಗಿ ನುಡಿಸುವುದರ ಜೊತೆಗೆ ಒಳ್ಳೆಯ ಯೋಚನೆಗಳನ್ನು ಪಡೆದು ಬೆಳೆಸುವುದೂ ಈ ರಚನೆಗಳ ಉದ್ದೇಶವೆಂದು ಬಾಖ್ ಮುಖಪುಟದಲ್ಲಿಯೇ ತಿಳಿಸಿದ್ದಾನೆ. ಮೂವತ್ತು ವರ್ಷಗಳಿಗೂ ಮೇಲೆ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಿದ ನನಗೆ ಆ ಮುಖಪುಟದ ಮೇಲೆ ಒಂದಿಷ್ಟು ಅಸೂಯೆ. ಸ್ವಂತವಾಗಿ ಬರೆಯಿರಿ ಎಂದು ಮಕ್ಕಳಿಗೆ ಹೇಳುವುದು ಸುಲಭ. ಸ್ವಂತ ಯೋಚನೆ ಹುಟ್ಟುವ ಬಗೆಯನ್ನು ಮಾಡಿ ತೋರಿಸುವುದು ಸುಲಭವಲ್ಲ.

1723ರಲ್ಲಿ ಬಾಖ್ ಲೈಪ್‌ಜಿಗ್ ನಗರಕ್ಕೆ ಬಂದು, ಕೊನೆಯವರೆಗೂ ಅಲ್ಲಿಯೇ ಇದ್ದನು. ಅವನ ಶಿಷ್ಯರು ಕಲಿಯಬೇಕಾಗಿದ್ದ ಮುಖ್ಯ ವಿದ್ಯೆಯೊಂದಿತ್ತು. ಪುಟದಲ್ಲಿ ಎಡಗೈ ನುಡಿಸಬೇಕಾದ ಕೆಳಸ್ಥಾಯಿಯ ಸ್ವರಗಳಷ್ಟೇ ಇರುತ್ತವೆ; ಅವುಗಳ ಜೊತೆ ಕೆಲವು ಅಂಕಿಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಷಡ್ಜಕ್ಕೆ ಅಂಕಿಯೇ ಇಲ್ಲದಿದ್ದರೆ ಅದರೊಡನೆ ಗಾಂಧಾರ ಪಂಚಮಗಳನ್ನು ಸೇರಿಸಬೇಕು. 6 ಎಂದಿದ್ದರೆ ಗಾಂಧಾರ ಧೈವತಗಳನ್ನು. ಈ ಸ್ವರಗಳನ್ನು ಎಲ್ಲಿ ಇಡಬೇಕು, ಒಂದರಿಂದ ಇನ್ನೊಂದಕ್ಕೆ ಹೇಗೆ ಸಾಗಬೇಕು, ಒಟ್ಟಿಗೆ ಮೊಳಗಿಸಬೇಕೋ ಬಿಡಿಬಿಡಿಯಾಗಿ ಉದುರಿಸಬೇಕೋ ಎಂಬುದೆಲ್ಲ ನುಡಿಸುವವನ ವಿವೇಕಕ್ಕೆ ಬಿಟ್ಟದ್ದು; ಅದೂ ನಿಲ್ಲದೆ, ತಾಳದೊಳಗೇ. ಬಾಖ್ ಸಂಗೀತರಚನೆಯ ಪಾಠವನ್ನು ಇಲ್ಲಿಂದಲೇ ಆರಂಭಿಸುತ್ತಿದ್ದನು. ಒಣ ನಿಯಮಗಳಿಗೆ ಆಮೇಲೂ ಅವಕಾಶ ಕಡಿಮೆ.

1724ರಲ್ಲಿ ಕಾನೂನು ಓದಲೆಂದು ಲೈಪ್‌ಜಿಗ್‌ಗೆ ಬಂದ ಗೆರ್ಬರ್ ಎಂಬ ತರುಣ ಬಾಖ್‌ನ ಶಿಷ್ಯನಾದನು. ಗುರುವು ಮೊದಲ ಪಾಠದಲ್ಲಿಯೇ ಅವನ ಮುಂದೆ ಇನ್ವೆನ್ಷನ್ನುಗಳನ್ನು ಇಟ್ಟನು. ಪಾಠ ಹೇಳಲು ಮನಸ್ಸಿಲ್ಲದ ದಿನ ತಾನೇ ವಾದ್ಯದ ಮುಂದೆ ಕುಳಿತು ನುಡಿಸುತ್ತಿದ್ದನು. ಆ ಗಂಟೆಗಳು ನಿಮಿಷಗಳಂತೆ ಕಳೆದುಹೋಗುತ್ತಿದ್ದವೆಂದು ಗೆರ್ಬರ್ ಮುಪ್ಪಿನಲ್ಲಿಯೂ ನೆನೆಯುತ್ತಿದ್ದನಂತೆ. ಆದರೆ ಬಾಖ್ ಎಲ್ಲರಿಗೂ ಇಷ್ಟು ಕೋಮಲನಾಗಿರಲಿಲ್ಲ. ಸ್ವಂತ ಯೋಚನೆ ಹೊಳೆಯದವರಿಗೆ ರಚನೆಯ ಗೊಡವೆ ಬೇಡವೆಂದು ನೇರವಾಗಿ ಹೇಳಿಬಿಡುತ್ತಿದ್ದನು. ಯಾವ ಮಗುವಿಗೆ ಯಾವಾಗ ಹೊಳೆಯುವುದೋ ಬಲ್ಲವರು ಯಾರು? ಈ ಒಂದು ವಿಷಯದಲ್ಲಿ ಅವನ ತೀರ್ಪು ನನಗೆ ಕಠಿಣವೆನ್ನಿಸುತ್ತದೆ.

1747ರ ಮೇ ತಿಂಗಳಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ಮಹಾಶಯನು ಬಾಖ್‌ನನ್ನು ಪಾಟ್ಸ್‌ಡಾಮ್ ಅರಮನೆಯಲ್ಲಿ ಬರಮಾಡಿಕೊಂಡನು. ಜೊತೆಯಲ್ಲಿ ಫ್ರೀಡೆಮಾನ್ ಇದ್ದನು. ಪಿಯಾನೊ ಆಗ ಹೊಸ ವಾದ್ಯ. ದೊರೆಯ ಬಳಿ ಅಂತಹವು ಹಲವಿದ್ದವು. ದೊರೆಯು ತಾನೇ ಒಂದು ಸ್ವರಪಂಕ್ತಿಯನ್ನು ನುಡಿಸಿ, ಅದನ್ನು ವಿಸ್ತರಿಸೆಂದು ಕೇಳಿದನು. ಅರುವತ್ತೆರಡರ ವೃದ್ಧನು ಪಿಯಾನೊ ಮುಂದೆ ಕುಳಿತು, ಮೂರು ಧಾರೆಗಳು ಒಂದನ್ನೊಂದು ಹಿಂಬಾಲಿಸುವಂತೆ ಆ ಕ್ಷಣದಲ್ಲಿಯೇ ಅದನ್ನು ಹೆಣೆದು ನುಡಿಸಿದನು. ಸಭೆ ಬೆರಗಾಯಿತು. ಊರಿಗೆ ಮರಳಿದ ಮೇಲೆ ಅದೇ ಪಂಕ್ತಿಯ ಮೇಲೆ ಒಂದು ಕೃತಿಮಾಲೆಯನ್ನೇ ರಚಿಸಿ, ಅಚ್ಚು ಹಾಕಿಸಿ ದೊರೆಗೆ ಅರ್ಪಿಸಿದನು. ಕಡೆಗಾಲದಲ್ಲಿ ಕಣ್ಣು ಮಂಜಾಯಿತು, ಶಸ್ತ್ರಚಿಕಿತ್ಸೆ ಫಲಿಸಲಿಲ್ಲ. 1750ರ ಜುಲೈ 28ರಂದು ತೀರಿಕೊಂಡನು.

ತಂದೆಯ ಬಳಿಕ, ಆ ಕ್ಷಣದಲ್ಲಿ ಕಲ್ಪಿಸಿ ನುಡಿಸುವುದರಲ್ಲಿ ಫ್ರೀಡೆಮಾನ್‌ನಿಗೆ ಸಮನಾದವರಿಲ್ಲವೆಂದು ಕೇಳಿದವರು ಹೇಳುತ್ತಿದ್ದರು. ಆದರೆ ಅವನು ಬರೆದಿಟ್ಟದ್ದು ಸ್ವಲ್ಪ. 1764ರಲ್ಲಿ ಹಾಲೆ ನಗರದ ಉದ್ಯೋಗವನ್ನು ಬಿಟ್ಟವನಿಗೆ ಮತ್ತೆ ನೆಲೆ ದೊರೆಯಲಿಲ್ಲ. ತಂದೆಯಿಂದ ಬಂದ ಹಸ್ತಪ್ರತಿಗಳನ್ನು ಮಾರಬೇಕಾಯಿತು. 1784ರಲ್ಲಿ ಬರ್ಲಿನ್ನಿನಲ್ಲಿ ಬಡತನದಲ್ಲಿಯೇ ಕಣ್ಣು ಮುಚ್ಚಿದನು. ಅವನ ಬೆರಳುಗಳಿಂದ ಹರಿದ ಸಂಗೀತ ಎಂತಹುದೆಂದು ಇಂದು ತಿಳಿಯುವ ಮಾರ್ಗವಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ಬರೆದುಕೊಟ್ಟ ಹೊತ್ತಿಗೆ ಮಾತ್ರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದಿದೆ. ಅದರ ಮೊದಲ ಪುಟಗಳಲ್ಲಿ, ಪುಟ್ಟ ಬೆರಳುಗಳಿಗೆಂದು ಸ್ವರಗಳೊಡನೆ ಬರೆದ ಅಂಕಿಗಳು ಹಾಗೆಯೇ ಇವೆ.