ಗಣಿತ ಕಲಿಸಿದ ಗುರು ಮಹಾವೀರಾಚಾರ್ಯ

ಮಕ್ಕಳೇ, ಈ ಲೆಕ್ಕ ಮಾಡಿ. ಒಂದು ಬಸದಿಗೆ 8 ತಾವರೆ ಹೂಗಳಂತೆ 144 ಬಸದಿಗಳಿಗೆ ಎಷ್ಟು ಹೂಗಳು ಬೇಕು? 8 × 144 = 1152 ಎಂದು ನೀವು ಥಟ್ಟನೆ ಹೇಳಬಹುದು. ನಿಮ್ಮ ಪಠ್ಯಪುಸ್ತಕದ ಲೆಕ್ಕದಂತೆ ಕಾಣುವ ಇದಕ್ಕೆ ಸುಮಾರು 1150 ವರ್ಷ ವಯಸ್ಸಾಗಿದೆ! ಇದನ್ನು ರಚಿಸಿದವರು ನಮ್ಮ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು. ಜೈನರ ತೀರ್ಥಂಕರ ವರ್ಧಮಾನ ಮಹಾವೀರರೇ ಬೇರೆ, ಇವರೇ ಬೇರೆ.

ನೃಪತುಂಗನ ಕಾಲದವರು

ಮಹಾವೀರಾಚಾರ್ಯರು 9ನೇ ಶತಮಾನದವರು. ಆಗ ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ರಾಜಧಾನಿ ಮಾನ್ಯಖೇಟ. ಅದು ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. 'ಕವಿರಾಜಮಾರ್ಗ' ಹುಟ್ಟಿದ್ದೂ ಇದೇ ದೊರೆಯ ಆಸ್ಥಾನದಲ್ಲಿ.

ಜೈನರಾಗಿದ್ದ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ 'ಗಣಿತಸಾರಸಂಗ್ರಹ' ಎಂಬ ಗ್ರಂಥ ಬರೆದರು. ಇದು ಸಂಸ್ಕೃತದಲ್ಲಿದೆ. ಇದರಲ್ಲಿ 9 ಅಧ್ಯಾಯಗಳು, 1100ಕ್ಕೂ ಹೆಚ್ಚು ಶ್ಲೋಕಗಳಿವೆ. ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳ ಗ್ರಂಥಗಳ ಒಂದು ಭಾಗವಾಗಿ ಬರೆದಿದ್ದರು. ಮಹಾವೀರಾಚಾರ್ಯರ ಗ್ರಂಥವಾದರೋ ಪೂರ್ತಿ ಗಣಿತಕ್ಕೇ ಮೀಸಲು. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವ ಕೆಲಸ ಹೀಗೆ ಎಲ್ಲದಕ್ಕೂ ಗಣಿತ ಬೇಕು ಎಂಬುದು ಅವರ ನಂಬಿಕೆಯಾಗಿತ್ತು.

ಗುಣಾಕಾರದಿಂದ ಆರಂಭ

ಎರಡನೇ ಅಧ್ಯಾಯದಲ್ಲಿ ಅವರು ಮೊದಲು ಗುಣಾಕಾರವನ್ನು, ಅದರ ಬೆನ್ನಿಗೇ ಭಾಗಾಕಾರವನ್ನು ಕಲಿಸುತ್ತಾರೆ. ಲೆಕ್ಕಗಳು ಬೇಸರ ತರಬಾರದಲ್ಲವೇ? ಅದಕ್ಕೆ ಅವರು ಸೊಗಸಾದ ಸಂಖ್ಯೆಗಳನ್ನು ಆರಿಸಿಕೊಂಡರು. 139ನ್ನು 109ರಿಂದ ಗುಣಿಸಿದರೆ 15151 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಇಂಥ ಕೆಲವು ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಭಾಗಿಸುವಾಗ ಎರಡೂ ಸಂಖ್ಯೆಗಳಲ್ಲಿರುವ ಸಾಮಾನ್ಯ ಅಪವರ್ತನವನ್ನು ಮೊದಲು ತೆಗೆದುಹಾಕುವ ವಿಧಾನವನ್ನೂ ಅವರು ಹೇಳಿದ್ದಾರೆ. 1152 ÷ 144 ಕಷ್ಟವೆನಿಸಿದರೆ ಎರಡನ್ನೂ 12ರಿಂದ ಭಾಗಿಸಿ. 96 ÷ 12 ಆಗುತ್ತದೆ. ಉತ್ತರ 8. ನಾವು ಆರಂಭಿಸಿದ ತಾವರೆಗಳ ಸಂಖ್ಯೆಯೇ ಮರಳಿ ಬಂತು. ಗುಣಾಕಾರ ಕಟ್ಟಿದ್ದನ್ನು ಭಾಗಾಕಾರ ಬಿಡಿಸುತ್ತದೆ.

ಭಿನ್ನರಾಶಿಗಳ ಅಧ್ಯಾಯ

ಮೂರನೇ ಅಧ್ಯಾಯ ಪೂರ್ತಿ ಭಿನ್ನರಾಶಿಗಳದ್ದು. ಯಳಂದೂರಿನ ರೈತರೊಬ್ಬರು ಹೊಲದ 1/4 ಭಾಗದಲ್ಲಿ ರಾಗಿ, 1/6 ಭಾಗದಲ್ಲಿ ಹುರುಳಿ ಬಿತ್ತಿದರು ಎನ್ನೋಣ. ಒಟ್ಟು ಎಷ್ಟು ಭಾಗ ಬಿತ್ತನೆಯಾಯಿತು? ಛೇದಗಳು ಬೇರೆ ಬೇರೆ ಇರುವುದರಿಂದ ಹಾಗೆಯೇ ಕೂಡಿಸಲಾಗದು. 4 ಮತ್ತು 6ರ ಲ.ಸಾ.ಅ. 12. ಆದ್ದರಿಂದ 3/12 + 2/12 = 5/12. ಭಿನ್ನರಾಶಿಗಳನ್ನು ಕೂಡಿಸಲು ಲ.ಸಾ.ಅ. ಬಳಸುವುದನ್ನು ಮಹಾವೀರಾಚಾರ್ಯರು ಅಂದೇ ಕಲಿಸಿದ್ದರು. ಅದನ್ನು ಅವರು 'ನಿರುದ್ಧ' ಎಂದು ಕರೆದರು.

ಭಿನ್ನರಾಶಿಯಿಂದ ಭಾಗಿಸಬೇಕಾದರೆ ಅದನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂಬ ನಿಯಮವೂ ಅವರ ಗ್ರಂಥದಲ್ಲಿದೆ. ಹನೂರಿನ ಒಂದು ಮನೆಯಲ್ಲಿ ಮುಕ್ಕಾಲು ಲೀಟರ್ ಹಾಲಿದೆ. ಕಾಲು ಲೀಟರಿನ ಎಷ್ಟು ಲೋಟ ತುಂಬಬಹುದು? 3/4 × 4/1 = 3. ತಾಳೆ ನೋಡೋಣ: 3 ಲೋಟ × 1/4 ಲೀಟರ್ = 3/4 ಲೀಟರ್. ನಿಯಮ ಸರಿಯಾಗಿದೆ.

ಸೊನ್ನೆಯ ಹತ್ತಿರ ಎಡವಿದರು

ಇಷ್ಟು ದೊಡ್ಡ ಗಣಿತಜ್ಞರೂ ಒಂದು ಕಡೆ ತಪ್ಪಿದರು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗುವುದಿಲ್ಲ ಎಂದು ಅವರು ಬರೆದರು. ಯಾರಿಗೂ ಹಂಚದಿದ್ದರೆ ಇದ್ದದ್ದು ಇದ್ದ ಹಾಗೆಯೇ ಉಳಿಯುತ್ತದೆ ಎಂದು ಅವರಿಗೆ ತೋರಿರಬಹುದು. ನೀವೇ ತಾಳೆ ನೋಡಿ. 12 ÷ 0 = 12 ಆಗಿದ್ದರೆ 12 × 0 = 12 ಆಗಬೇಕಿತ್ತು. ಆದರೆ 12 × 0 = 0. ಸೊನ್ನೆಯಿಂದ ಗುಣಿಸಿದಾಗ 12 ಬರುವ ಸಂಖ್ಯೆ ಯಾವುದೂ ಇಲ್ಲ. ಹಾಗಾಗಿ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವಿಲ್ಲ ಎನ್ನುತ್ತದೆ ಇಂದಿನ ಗಣಿತ. ನಿಯಮ ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ತಾಳೆ ನೋಡುವ ಹಕ್ಕು ಐದನೇ ತರಗತಿಯ ವಿದ್ಯಾರ್ಥಿಗೂ ಇದೆ.

ಮತ್ತೆ ಬೆಳಕಿಗೆ

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಇದನ್ನು ಪ್ರಕಟಿಸಿದರು. ಆಗ ನಮ್ಮ ಕೊಳ್ಳೇಗಾಲವೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗಿನ ಹನೂರು ತಾಲ್ಲೂಕು ಅದರೊಳಗೇ ಇತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1956ರಲ್ಲಿ ಇವೆಲ್ಲ ಒಂದೇ ರಾಜ್ಯಕ್ಕೆ ಸೇರಿದವು.

ಮಾಡಿ ನೋಡಿ

ಮಹಾವೀರಾಚಾರ್ಯರ ಇನ್ನೊಂದು ಲೆಕ್ಕ ಇಲ್ಲಿದೆ: 152207ನ್ನು 73ರಿಂದ ಗುಣಿಸಿ. ಉತ್ತರದಲ್ಲಿ ಎಷ್ಟು ಅಂಕಿಗಳಿವೆ? ಅವುಗಳಲ್ಲಿ ಏನು ವಿಶೇಷ? ಬಂದ ಉತ್ತರವನ್ನು 73ರಿಂದ ಭಾಗಿಸಿ ತಾಳೆ ನೋಡುವುದನ್ನು ಮರೆಯಬೇಡಿ.