ಕಾಲುವೆ ಸಾಹೇಬರ ಆನೆ ಪಾಠ

2023ರ ಏಪ್ರಿಲ್‌ನಲ್ಲಿ ನಮ್ಮ ಸೂಳೆಕೆರೆ ಸೀಮೆಗೆ ಕಾಡಾನೆ ಬಂದಿದ್ದು ನೆನಪಿದೆಯಲ್ವಾ? ಚನ್ನಗಿರಿ ತಾಲ್ಲೂಕಿನಲ್ಲಿ ಒಬ್ಬ ಹುಡುಗಿ ಅದಕ್ಕೆ ಬಲಿಯಾದಳು. ಆನೆ ಹಿಡಿಯಲು ನ್ಯಾಮತಿ ಕಡೆ ಅರಿವಳಿಕೆ ಕಾರ್ಯಾಚರಣೆ ನಡೆದಾಗ ಅದು ವನ್ಯಜೀವಿ ವೈದ್ಯರ ಮೇಲೇ ಎರಗಿ ತೀವ್ರವಾಗಿ ಗಾಯಗೊಳಿಸಿತು. ಮದ್ದು, ಬಂದೂಕು ಇದ್ದೂ ಹೀಗಾದರೆ, ಅವೇ ಇಲ್ಲದ ಕಾಲದಲ್ಲಿ ಆನೆ ಹೇಗೆ ಹಿಡೀತಿದ್ರು? ಹುಡುಕಿದಾಗ ನಮಗೆ ಸಿಕ್ಕವರು ನಮ್ಮದೇ ಕಸುಬಿನವರು: ಜಾರ್ಜ್ ಪೆರೆಸ್ ಸ್ಯಾಂಡರ್ಸನ್.

ಹುಟ್ಟಿದ್ದು 1848ರಲ್ಲಿ. ತಂದೆ ಡೇನಿಯಲ್ ಸ್ಯಾಂಡರ್ಸನ್ ಪಾದ್ರಿ. ರೀವ್‌ರ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಹೊರತಂದವರು. ಮಗ ಇಂಗ್ಲೆಂಡಿನಲ್ಲಿ ಓದಿ 1864ರಲ್ಲಿ ಇಲ್ಲಿಗೆ ಮರಳಿದರು. ಮೈಸೂರು ಸಂಸ್ಥಾನದಲ್ಲಿ ನದಿ ಕಾಲುವೆಗಳ ಉಸ್ತುವಾರಿ ಸಿಕ್ಕಿತು. ಕಾಲುವೆ ಪಕ್ಕದಲ್ಲೇ ಕಾಡು, ಕಾಡಿನಿಂದ ಗದ್ದೆಗೆ ಆನೆ. ರೈತರ ಗೋಳನ್ನು ದಿನಾ ಕಣ್ಣಾರೆ ಕಂಡರು.

ಕೊಲ್ಲುವ ಬದಲು ಹಿಂಡನ್ನೇ ಹಿಡಿಯೋಣ ಎಂದರು. ಹಿಂದೆ ಹೈದರಾಲಿ ಯತ್ನಿಸಿ ಸೋತಿದ್ದ ಕೆಲಸವಿದು. 1873ರಲ್ಲಿ ಇವರ ಮೊದಲ ಯತ್ನವೂ ಕೈಕೊಟ್ಟಿತು. 1874ರಲ್ಲಿ ಚಾಮರಾಜನಗರದ ಬಳಿ ಐವತ್ತಕ್ಕೂ ಹೆಚ್ಚು ಆನೆಗಳು ಖೆಡ್ಡಾದೊಳಗೆ ಬಂದವು. ಕಂದಕ ತೋಡಿ, ಬೆಂಕಿ ಹಚ್ಚಿ, ಗದ್ದಲ ಮಾಡಿ ಹಿಂಡನ್ನು ಆವರಣಕ್ಕೆ ಅಟ್ಟೋದು. ಆಮೇಲೆ ಸಾಕಾನೆಗಳ ಮರೆಯಲ್ಲಿ ಆಳುಗಳು ಇಳಿದು ಹಿಂಗಾಲಿಗೆ ಹಗ್ಗ ಬಿಗಿಯೋದು. ಆನೆ ಹೆಜ್ಜೆ ಓದಿದವರು ಕಾಡಿನ ಜನ. ಪ್ರಾಣ ಪಣಕ್ಕಿಟ್ಟವರು ಮಾವುತರು, ಹಗ್ಗದವರು. ಹೆಸರು ಉಳಿದಿದ್ದು ಮಾತ್ರ ಸಾಹೇಬರದ್ದು.

ಮುಂದೆ ಬಂಗಾಳದಲ್ಲೂ ಆನೆ ಹಿಡಿದರು. 1878ರಲ್ಲಿ ಹದಿಮೂರು ವರ್ಷದ ಕಾಡಿನ ಅನುಭವವನ್ನು ಪುಸ್ತಕ ಮಾಡಿದರು. 1892ರಲ್ಲಿ ತೀರಿಕೊಂಡರು. ಖೆಡ್ಡಾ ಮಾತ್ರ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. ಅದರಲ್ಲಿ ಗಾಯಗೊಂಡ, ಸತ್ತ ಆನೆಗಳೂ ಇದ್ದವು. ಅದನ್ನು ಮುಚ್ಚಿಟ್ಟು ಹೊಗಳೋಕೆ ನಮಗೆ ಮನಸ್ಸಿಲ್ಲ.

ಈಗ ಹಿಂಡು ಬೇಡ, ಒಂದೇ ಆನೆಗೆ ಡಾರ್ಟ್ ಸಾಕು. ಆದರೆ ತೂಕವನ್ನು ಕಣ್ಣಳತೆಯಲ್ಲೇ ಅಂದಾಜಿಸಿ ಮದ್ದು ತುಂಬಬೇಕು. ಡಾರ್ಟ್ ತಗುಲಿದ ಮೇಲೂ ಆನೆ ಹಲವು ನಿಮಿಷ ಓಡುತ್ತೆ. ಕೆರೆಗೆ ಇಳಿದರೆ ಮುಳುಗಬಹುದು. ಎದೆ ಊರಿ ಬಿದ್ದರೆ ಉಸಿರು ಕಟ್ಟುತ್ತೆ. ಮಂಪರು ಇಳಿಸುವ ಮದ್ದು ಹಿಡಿದು ವೈದ್ಯರು ಹತ್ತಿರ ಹೋಗಲೇಬೇಕು.

ಅಂದು ಹಗ್ಗ ಹಿಡಿದವರು ನಿಂತ ಜಾಗದಲ್ಲೇ ಇಂದು ವೈದ್ಯರು ನಿಂತಿದ್ದಾರೆ. ಉಪಕರಣ ಬದಲಾಗಿದೆ, ಆ ಕೊನೆಯ ನಾಲ್ಕು ಹೆಜ್ಜೆ ಬದಲಾಗಿಲ್ಲ. ಎಂಜಿನಿಯರ್ ಆಗುವ ನಮಗೆ ಕೆಲಸ ಇರೋದು ಅಲ್ಲೇ.