ಹುಡುಕಿ ಹೊರಟದ್ದು ಸಿಗಲಿಲ್ಲ, ಆದರೂ ಭಾಷೆ ಸಿಕ್ಕಿತು: ಚೋಮಾ ಕಲಿತ ಟಿಬೆಟನ್

ಭಾಷೆ ಕಲಿಯಲು ಹೊರಟವರ ಮೊಬೈಲಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತಲೇ ಇರುತ್ತವೆ. ಮೂವತ್ತು ದಿನದಲ್ಲಿ ಯಾವ ಭಾಷೆಯನ್ನಾದರೂ ಕಲಿಯಬಹುದು ಎನ್ನುವುದು ಒಂದು. ವಯಸ್ಸು ಮೂವತ್ತು ದಾಟಿದರೆ ಹೊಸ ಭಾಷೆ ತಲೆಗೆ ಹತ್ತುವುದಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿ ಶುರು ಮಾಡುತ್ತೇವೆ. ತಿಂಗಳು ಕಳೆದರೂ ನಾಲ್ಕು ವಾಕ್ಯ ಬಾರದಿದ್ದಾಗ ಎರಡನೆಯದನ್ನು ನಂಬಿ ಬಿಟ್ಟುಬಿಡುತ್ತೇವೆ.

ಎರಡೂ ಪೂರ್ತಿ ನಿಜವಲ್ಲ. ಯಾಕೆ ಎಂದು ತಿಳಿಯಲು ಅಲೆಕ್ಸಾಂಡರ್ ಚೋಮಾ ಎಂಬ ಹಂಗೇರಿಯನ್ ವಿದ್ವಾಂಸರ ಬದುಕನ್ನು ನೋಡೋಣ. ಟಿಬೆಟನ್ ಭಾಷೆಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಎಂದು ಇವತ್ತು ಜಗತ್ತು ಅವರನ್ನು ಗೌರವಿಸುತ್ತದೆ. ಆದರೆ ಮನೆ ಬಿಟ್ಟು ಹೊರಟಾಗ ಟಿಬೆಟನ್ ಕಲಿಯುವ ಯೋಚನೆ ಅವರಿಗೆ ಇರಲೇ ಇಲ್ಲ.

ಹೊರಟದ್ದು ಬೇರೆ ಕೆಲಸಕ್ಕೆ

ಚೋಮಾ ಹುಟ್ಟಿದ್ದು 1784ರಲ್ಲಿ, ಟ್ರಾನ್ಸಿಲ್ವೇನಿಯಾದ ಕೊರೊಶ್ ಎಂಬ ಹಳ್ಳಿಯಲ್ಲಿ. ಆ ಊರು ಈಗ ರೊಮೇನಿಯಾದಲ್ಲಿದೆ. ಬಡ ಕುಟುಂಬ. ದುಡಿಯುತ್ತಲೇ ಓದಿದರು. ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯಕ್ಕೂ ಹೋಗಿ ಬಂದರು.

ಹಂಗೇರಿಯನ್ನರ ಪೂರ್ವಜರು ಏಷ್ಯಾದಿಂದ ಬಂದವರು, ಅವರ ಮೂಲ ನೆಲೆ ಈಗಲೂ ಅಲ್ಲಿ ಇರಬಹುದು ಎಂಬ ನಂಬಿಕೆ ಆಗ ಬಲವಾಗಿತ್ತು. ಅದನ್ನು ಹುಡುಕಲು 1819ರಲ್ಲಿ, ತಮ್ಮ 35ನೇ ವಯಸ್ಸಿನಲ್ಲಿ, ಚೋಮಾ ಒಬ್ಬರೇ ಹೊರಟರು.

ಅಡ್ಡಿಗಳು ಆರಂಭದಲ್ಲೇ ಬಂದವು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಕೇಳಿ ದಾರಿ ಬದಲಿಸಿ ಈಜಿಪ್ಟಿಗೆ ಹೋದರು. ಅಲ್ಲಿಯೂ ಪ್ಲೇಗ್. ಸಿರಿಯಾ, ಬಾಗ್ದಾದ್ ದಾಟಿ ಟೆಹರಾನ್ ತಲುಪಿ, ಕೆಲವು ತಿಂಗಳು ನಿಂತು ಪರ್ಷಿಯನ್ ಭಾಷೆಯನ್ನು ಗಟ್ಟಿ ಮಾಡಿಕೊಂಡರು. ಬುಖಾರಾದಲ್ಲಿ ಯುದ್ಧದ ಗಾಳಿಸುದ್ದಿ ಹಬ್ಬಿ ಅಲ್ಲಿಂದಲೂ ಬೇಗನೆ ಹೊರಡಬೇಕಾಯಿತು. ಕಾಬೂಲ್, ಲಾಹೋರ್, ಕಾಶ್ಮೀರದ ಮೂಲಕ 1822ರ ಜೂನ್‌ನಲ್ಲಿ ಲಡಾಖ್‌ನ ಲೇಹ್‌ಗೆ ಬಂದರು. ಅಲ್ಲಿಂದ ಯಾರ್ಕಂದ್ ಕಡೆಗಿನ ದಾರಿ ಅಪಾಯದ್ದು, ಖರ್ಚಿನದ್ದು ಎಂದು ಗೊತ್ತಾಗಿ ಹಿಂದಿರುಗಬೇಕಾಯಿತು. ಎರಡೂವರೆ ವರ್ಷದ ಪ್ರಯಾಣ, ಕೈಯಲ್ಲಿ ಏನೂ ಇಲ್ಲ.

ದಾರಿಯಲ್ಲಿ ಸಿಕ್ಕ ಸಣ್ಣ ಕೆಲಸ

ಹಿಂದಿರುಗುವಾಗ ದ್ರಾಸ್ ಬಳಿ ಇಂಗ್ಲಿಷ್ ಪಶುವೈದ್ಯ, ಪ್ರವಾಸಿ ವಿಲಿಯಂ ಮೂರ್‌ಕ್ರಾಫ್ಟ್ ಎದುರಾದರು. ಟಿಬೆಟನ್ ಬಗ್ಗೆ ರೋಮ್‌ನಲ್ಲಿ 1762ರಲ್ಲಿ ಅಚ್ಚಾಗಿದ್ದ ಲ್ಯಾಟಿನ್ ಪುಸ್ತಕವೊಂದನ್ನು ಅವರು ಚೋಮಾಗೆ ಓದಲು ಕೊಟ್ಟರು. ಅದನ್ನು ಓದಿದ ಚೋಮಾ ಈ ಭಾಷೆಯನ್ನು ಸರಿಯಾಗಿ ಕಲಿಯೋಣ ಎಂದು ತೀರ್ಮಾನಿಸಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಲೇಹ್‌ನಲ್ಲಿ ಚೋಮಾ ಟಿಬೆಟನ್‌ನ ಮೊದಲ ಪಾಠಗಳನ್ನು ಕಲಿತದ್ದು ಪರ್ಷಿಯನ್ ಮೂಲಕ. ಗುರಿ ಮುಟ್ಟದ ಪ್ರಯಾಣದಲ್ಲಿ ಕಲಿತ ಭಾಷೆಯೇ ಮುಂದಿನ ಭಾಷೆಗೆ ಮೆಟ್ಟಿಲಾಯಿತು. ನಾವು ಅರ್ಧಕ್ಕೆ ಬಿಟ್ಟ ಕಲಿಕೆಯೂ ಹೀಗೆಯೇ. ಅಷ್ಟೂ ವ್ಯರ್ಥವಾಗಿರುವುದಿಲ್ಲ.

ಒಂಬತ್ತು ಅಡಿಯ ಕೋಣೆ

1823ರ ಜೂನ್‌ನಲ್ಲಿ ಚೋಮಾ ಝನ್ಸ್ಕಾರ್ ಕಣಿವೆಯ ಝಂಗ್ಲಾಕ್ಕೆ ಹೋದರು. ಆಗ ಅವರಿಗೆ 39 ವರ್ಷ. ಕಲಿಸಿದವರು ಸಾಂಗ್ಯೆ ಫುಂತ್ಸೋಗ್ ಎಂಬ ಲಾಮಾ. ಚಳಿಗಾಲದಲ್ಲಿ ಮೂರು ನಾಲ್ಕು ತಿಂಗಳು ಹಿಮ ಬಿದ್ದು ಹೊರಗೆ ಕಾಲಿಡುವಂತಿರಲಿಲ್ಲ. ಚೋಮಾ, ಲಾಮಾ ಮತ್ತು ಒಬ್ಬ ಸಹಾಯಕ ಒಂಬತ್ತು ಅಡಿ ಉದ್ದ, ಅಷ್ಟೇ ಅಗಲದ ಕೋಣೆಯಲ್ಲಿ ಉಳಿದರು. ಬೆಂಕಿ ಇಲ್ಲ, ಕತ್ತಲಾದ ಮೇಲೆ ದೀಪವಿಲ್ಲ, ಮಲಗಲು ಬರಿ ನೆಲ. ಕುರಿ ಚರ್ಮದ ಹೊದಿಕೆಯಿಂದ ಕೈ ಹೊರಗೆ ತೆಗೆದು ಹಾಳೆ ತಿರುಗಿಸುವುದೇ ದೊಡ್ಡ ಕೆಲಸವಾಗಿತ್ತು. ಆದರೂ ಬೆಳಕಿರುವ ತನಕ ಓದಿದರು. ಅಲ್ಲಿ ಅವರು ಸುಮಾರು 40,000 ಪದಗಳನ್ನು ಸಂಗ್ರಹಿಸಿ ಜೋಡಿಸಿದರು ಎಂದು ಅವರನ್ನು ಕಂಡು ಬಂದ ವೈದ್ಯರೊಬ್ಬರು ದಾಖಲಿಸಿದ್ದಾರೆ.

ಫಾರ್ವರ್ಡ್ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಿಜವಾದ ಕಷ್ಟಗಳು ಇದಾದ ಮೇಲೆ ಬಂದವು.

ಸಾಲು ಸಾಲು ಹಿನ್ನಡೆ

1824ರ ಕೊನೆಯಲ್ಲಿ ಈಗಿನ ಹಿಮಾಚಲದ ಸುಬಾತು ಎಂಬಲ್ಲಿಗೆ ಬಂದಾಗ ಬ್ರಿಟಿಷರಿಗೆ ಇವರ ಮೇಲೆ ಗೂಢಚಾರ ಎಂಬ ಅನುಮಾನ ಹುಟ್ಟಿತು. ವಿವರಣೆ ಬರೆದು ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾಯಿತು. ಕೊನೆಗೆ ಸರ್ಕಾರ ತಿಂಗಳಿಗೆ 50 ರೂಪಾಯಿ ನೆರವು ಕೊಡಲು ಒಪ್ಪಿತು. 1825ರಲ್ಲಿ ಚೋಮಾ ಮತ್ತೆ ಝನ್ಸ್ಕಾರ್‌ಗೆ, ಈ ಬಾರಿ ಫುಗ್ತಾಲ್ ಮಠಕ್ಕೆ ಹೋದರು. ಲಾಮಾ ಮೊದಲಿನಷ್ಟು ಗಮನ ಕೊಡಲಿಲ್ಲ, ಅಂದುಕೊಂಡ ಕೆಲಸ ಆಗಲಿಲ್ಲ. ಈ ನಿರಾಶೆಯನ್ನು ಅವರು ಅಧಿಕಾರಿಗಳ ಮುಂದೆ ಮುಚ್ಚಿಡಲಿಲ್ಲ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. 1826ರಲ್ಲಿ ಸೆರಾಂಪುರದಲ್ಲಿ ಬೇರೊಂದು ಟಿಬೆಟನ್ ನಿಘಂಟು ಅಚ್ಚಾಗಿ ಬಂತು. ಇನ್ನು ಇವರ ಕೆಲಸ ಯಾಕೆ ಬೇಕು ಎಂಬ ಪ್ರಶ್ನೆ ಎದ್ದಿತು. ಆದರೆ ಆ ಪುಸ್ತಕದಲ್ಲಿ ದೋಷಗಳಿದ್ದವು. ಚೋಮಾಗೆ ಇನ್ನೂ ಮೂರು ವರ್ಷದ ಅವಕಾಶ ಸಿಕ್ಕಿತು. 1827ರಿಂದ 1830ರವರೆಗೆ ಕಿನ್ನೌರ್‌ನ ಕಾನಂ ಹಳ್ಳಿಯಲ್ಲಿ, ಅದೇ ಲಾಮಾ ಜೊತೆ ಕೂತು ಕೆಲಸ ಮುಗಿಸಿದರು. 1834ರಲ್ಲಿ ಕಲ್ಕತ್ತಾದಲ್ಲಿ ಅವರ ಟಿಬೆಟನ್-ಇಂಗ್ಲಿಷ್ ನಿಘಂಟು ಮತ್ತು ವ್ಯಾಕರಣ ಎರಡೂ ಪ್ರಕಟವಾದವು. ಅವರಿಗೆ ಆಗ 50 ವರ್ಷ.

ವಿಜ್ಞಾನ ಏನು ಹೇಳುತ್ತದೆ?

ಚಿಕ್ಕಂದಿನಲ್ಲಿ ಕಲಿತರೆ ಉಚ್ಚಾರಣೆ ಆ ಭಾಷೆಯ ಜನರಂತೆಯೇ ಬರುವ ಸಾಧ್ಯತೆ ಹೆಚ್ಚು ಎನ್ನುವುದು ನಿಜ. ಆದರೆ ಹೊಸ ಪದಗಳನ್ನು ಕಲಿಯುವ ಬಾಗಿಲು ಯಾವ ವಯಸ್ಸಿನಲ್ಲೂ ಮುಚ್ಚುವುದಿಲ್ಲ. ದೊಡ್ಡವರಿಗೆ ಕೊರತೆಯಾಗುವುದು ಹೆಚ್ಚಾಗಿ ಸಮಯ ಮತ್ತು ಅಭ್ಯಾಸ.

ನಿನ್ನೆ ಕಲಿತದ್ದು ಇವತ್ತು ಮರೆತುಹೋದರೆ ನಮಗೆ ನೆನಪಿನ ಶಕ್ತಿ ಇಲ್ಲ ಎಂದುಕೊಳ್ಳುತ್ತೇವೆ. ಹೊಸದಾಗಿ ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಲ ಕೆಲವು ಗಂಟೆ, ದಿನಗಳಲ್ಲೇ ಮರೆತುಹೋಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತಮ್ಮ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಅದೇ ಪಾಠಕ್ಕೆ ಬಿಡುವು ಕೊಟ್ಟು ಮತ್ತೆ ಮರಳಿದರೆ ಅದು ಹೆಚ್ಚು ಕಾಲ ಉಳಿಯುತ್ತದೆ. ಚೋಮಾ ಮೂರು ಕಡೆ, ವರ್ಷಗಳ ಅಂತರದಲ್ಲಿ, ಅದೇ ಗುರುವಿನ ಹತ್ತಿರ ಅದೇ ಭಾಷೆಗೆ ಮರಳಿದ್ದರು.

ಪಾಸಿಟಿವ್ ಆಗಿರುವುದು ಎಂದರೆ ಸದಾ ಖುಷಿಯಾಗಿರುವುದಲ್ಲ. ಫುಗ್ತಾಲ್‌ನಿಂದ ಮರಳಿದ ಚೋಮಾ ಖುಷಿಯಾಗಿರಲಿಲ್ಲ. ಈ ಸಲ ಆಗಲಿಲ್ಲ ಎಂದು ಒಪ್ಪಿಕೊಂಡರು, ಮುಂದಿನ ಮೂರು ವರ್ಷಕ್ಕೆ ಏನು ಬೇಕು ಎಂದು ಕೇಳಿ ಪಡೆದರು. ಮನಸ್ಸು ಕುಗ್ಗಿದ ದಿನ ನಾವೂ ಮಾಡಬಹುದಾದದ್ದು ಇಷ್ಟೇ: ಎಲ್ಲಿ ಕೆಟ್ಟಿತು ಎಂದು ನೋಡಿಕೊಂಡು, ನಾಳೆಗೆ ಹತ್ತು ಪದ ಇಟ್ಟುಕೊಳ್ಳುವುದು.

ಫಾರ್ವರ್ಡ್ ಮಾಡುವ ಮೊದಲು

ಚೋಮಾ ಹಂಗೇರಿಯಿಂದ ಟಿಬೆಟ್‌ವರೆಗೆ ಪೂರ್ತಿ ನಡೆದೇ ಹೋದರು ಎಂದು ಯಾರಾದರೂ ಬರೆದರೆ ನಂಬಬೇಡಿ. ಬಹುದೂರ ನಡೆದದ್ದು ನಿಜ, ಆದರೆ ಹಡಗು, ತೆಪ್ಪಗಳೂ ಇದ್ದವು. ಲ್ಹಾಸಾವನ್ನಂತೂ ಅವರು ನೋಡಲೇ ಇಲ್ಲ. ಪೂರ್ವಜರ ನೆಲೆಯ ಹುಡುಕಾಟ ಮುಂದುವರಿಸಲು ಲ್ಹಾಸಾ ಕಡೆ ಹೊರಟಿದ್ದಾಗ, 1842ರ ಏಪ್ರಿಲ್ 11ರಂದು ಡಾರ್ಜಿಲಿಂಗ್‌ನಲ್ಲಿ ಜ್ವರದಿಂದ ತೀರಿಕೊಂಡರು. ಅವರ ಸಮಾಧಿ ಅಲ್ಲಿಯೇ ಇದೆ.

ಅವರು ಹುಡುಕಿದ್ದು ಆ ದಿಕ್ಕಿನಲ್ಲಿ ಇರಲೂ ಇಲ್ಲ. ಹಂಗೇರಿಯನ್ ಭಾಷೆಯ ಹತ್ತಿರದ ಬಂಧುಗಳು ಪಶ್ಚಿಮ ಸೈಬೀರಿಯಾದ ಖಾಂತಿ ಮತ್ತು ಮಾನ್ಸಿ ಭಾಷೆಗಳು. ಟಿಬೆಟನ್‌ಗೂ ಅದಕ್ಕೂ ನಂಟಿಲ್ಲ. ಆದರೆ ಆ ತಪ್ಪು ದಾರಿಯಲ್ಲಿ ಅವರು ಕಲಿತ ಭಾಷೆಯ ನಿಘಂಟನ್ನು ಹಿಡಿದು ಮುಂದಿನ ತಲೆಮಾರಿನ ವಿದ್ವಾಂಸರು ಟಿಬೆಟನ್ ಓದಿದರು. ಅವರ ಬರಹಗಳ ಸಂಗ್ರಹವನ್ನು ಯುನೆಸ್ಕೋ 2009ರಲ್ಲಿ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ನಿಮ್ಮ ಗುಂಪಿನಲ್ಲಿ ಯಾರಾದರೂ ಈ ತಿಂಗಳು ಭಾಷೆ ಕಲಿಯುವುದನ್ನು ಬಿಟ್ಟುಬಿಟ್ಟಿದ್ದರೆ, ಮೂವತ್ತು ದಿನದ ಫಾರ್ವರ್ಡ್ ಬದಲು ಅವರಿಗೆ ಇದನ್ನು ಕಳಿಸಿ.